ಮನೆಯಲ್ಲಿ ತಗಡು ಕತ್ತರಿಸಲು ಯಾವ ಸಾಧನ?

(ಮೇಡ್ಲೇರಿಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಬೀಜ, ಗೊಬ್ಬರ, ನೀರು ಇವುಗಳ ಮಾತನ್ನು ನೀವು ಅನೇಕ ಸಲ ಕೇಳಿದ್ದೀರಿ. ಈ ದಿನ ನಾನು ಹೇಳಬೇಕೆಂದಿರುವುದು ಒಂದು ಕತ್ತರಿಯ ವಿಷಯ. ಕತ್ತರಿಗೂ ಒಂದು ಭಾಷಣವೇ ಎಂದು ನೀವು ನಗಬಹುದು. ಆದರೆ ಗೋವಿನಜೋಳ ಮನೆಗೆ ಬಂದ ಮೇಲೆ ಇಲಿಯ ಕಾಟ ಯಾರ ಮನೆಯಲ್ಲಿಲ್ಲ? ಕಾಳಿನ ಕೋಣೆಯ ಬಾಗಿಲ ಬುಡವನ್ನು ಇಲಿ ಕಡಿಯುತ್ತದೆ. ಅಲ್ಲಿಗೆ ಒಂದು ತಗಡಿನ ಪಟ್ಟಿ ಬೇಕು. ದನದ ಕೊಟ್ಟಿಗೆಯ ಮಾಡು ತೂತಾಗಿದೆ. ಅಲ್ಲಿಗೆ ಒಂದು ತುಂಡು ಬೇಕು. ತಗಡು ಹಿತ್ತಲಲ್ಲಿಯೇ ಬಿದ್ದಿರುತ್ತದೆ, ಕತ್ತರಿಸುವ ಸಾಧನ ಮಾತ್ರ ಇರುವುದಿಲ್ಲ. ಕೆಲಸ ನಾಳೆಗೆ ಬೀಳುತ್ತದೆ, ಕಾಳು ಇಲಿಯ ಪಾಲಾಗುತ್ತದೆ.

ಇಲ್ಲವೆ ಕೈಗೆ ಸಿಕ್ಕಿದ್ದರಿಂದ ಕತ್ತರಿಸಲು ಹೋಗುತ್ತೇವೆ. ನಾನೂ ಒಮ್ಮೆ ಹಾಗೆಯೇ ಮಾಡಿದೆ. ಎಣ್ಣೆಯ ಡಬ್ಬಿಯನ್ನು ಕುಡಗೋಲಿನಿಂದ ಸೀಳಲು ಹೋಗಿ ಎಡಗೈ ಹೆಬ್ಬೆರಳಿನ ಬುಡವನ್ನು ಕೊಯ್ದುಕೊಂಡೆ. ಆಗ ಹತ್ತಿ ಬಿಡಿಸುವ ಕಾಲ. ಹದಿನೈದು ದಿನ ಆ ಕೈ ಕೆಲಸಕ್ಕೆ ಬರಲಿಲ್ಲ. ನನ್ನ ಬದಲು ಬಂದ ಆಳುಗಳಿಗೆ ಕೊಟ್ಟ ಕೂಲಿಯಲ್ಲಿ ಒಳ್ಳೆಯ ಕತ್ತರಿಗಳನ್ನೇ ಕೊಳ್ಳಬಹುದಿತ್ತು.

ಸಾಧನ ಕೊಳ್ಳುವ ಮೊದಲು ತಗಡಿನ ದಪ್ಪವನ್ನು ತಿಳಿಯಬೇಕು. ಅಂಗಡಿಯಲ್ಲಿ ಇದನ್ನು ಗೇಜಿನ ಲೆಕ್ಕದಲ್ಲಿ ಹೇಳುವುದುಂಟು. ಈ ಲೆಕ್ಕ ತಿರುವುಮುರುವು; ಸಂಖ್ಯೆ ಹೆಚ್ಚಿದಂತೆ ತಗಡು ತೆಳ್ಳಗಾಗುತ್ತದೆ. 28 ಗೇಜಿನ ತಗಡು ಸುಮಾರು 0.38 ಮಿಲಿಮೀಟರು ದಪ್ಪ, 24 ಗೇಜಿನದು 0.56, 20 ಗೇಜಿನದು 0.9, 18 ಗೇಜಿನದು 1.2 ಮಿಲಿಮೀಟರು. ಮನೆಯ ಕೆಲಸಕ್ಕೆ ಬರುವುದು ಬಹುಮಟ್ಟಿಗೆ 24ರಿಂದ 28 ಗೇಜಿನ ತಗಡೇ.

ಇದಕ್ಕೆ ಹತ್ತು ಅಂಗುಲದ, ನೇರ ಬಾಯಿಯ ತಗಡು ಕತ್ತರಿ ಸಾಕು. ಒಂದೇ ಸಾಧನ ಕೊಳ್ಳುವವರು ಇದನ್ನೇ ಕೊಳ್ಳಿರಿ. ಕೊಳ್ಳುವಾಗ ಮೂರು ಪರೀಕ್ಷೆ ಮಾಡಿರಿ. ಒಂದು, ಅಲಗುಗಳನ್ನು ಹಿಡಿದು ಅಲ್ಲಾಡಿಸಿ ನೋಡಿರಿ, ಕೀಲು ಸಡಿಲವಾಗಿರಬಾರದು. ಬಡಿದು ಕೂಡಿಸಿದ ಕೀಲಿಗಿಂತ ನಟ್ಟು, ಬೋಲ್ಟಿನ ಕೀಲು ಮೇಲು, ಸವೆದಾಗ ಬಿಗಿಮಾಡಬಹುದು. ಎರಡು, ಒಂದು ತಗಡಿನ ಚೂರನ್ನು ಅಲ್ಲಿಯೇ ಕತ್ತರಿಸಿ ನೋಡಿರಿ. ತಗಡು ಕತ್ತರಿಸದೆ ಅಲಗುಗಳ ನಡುವೆ ಮಡಚಿಕೊಂಡರೆ ಆ ಕತ್ತರಿ ಬೇಡ. ಮೂರು, ಪೂರ್ತಿ ಮುಚ್ಚಿದಾಗ ಹಿಡಿಗಳ ನಡುವೆ ಅಂಗೈಯ ಚರ್ಮ ಸಿಕ್ಕಬಾರದು.

ಹೆಚ್ಚು ಕೆಲಸವಿರುವವರು, 18 ಗೇಜಿನವರೆಗಿನ ತಗಡು ಕತ್ತರಿಸುವವರು, ಜೋಡು ಕೀಲಿನ ಕತ್ತರಿ ಕೊಳ್ಳಬಹುದು. ಎರಡು ಕೀಲುಗಳಿರುವುದರಿಂದ ಕೈಯ ಬಲ ಹಲವು ಪಟ್ಟಾಗಿ ಬಾಯಿಗೆ ತಲಪುತ್ತದೆ. ವಿಮಾನದ ತಗಡಿನ ಕೆಲಸಕ್ಕಾಗಿ ಹುಟ್ಟಿದ ಕತ್ತರಿಯಾದ್ದರಿಂದ ಇದನ್ನು ಏವಿಯೇಷನ್ ಕತ್ತರಿ ಎನ್ನುತ್ತಾರೆ. ಸಾಮಾನ್ಯವಾಗಿ ಹಳದಿ ಹಿಡಿಯದು ನೇರಕ್ಕೆ, ಕೆಂಪು ಎಡಕ್ಕೆ ತಿರುಗಿಸಲು, ಹಸಿರು ಬಲಕ್ಕೆ ತಿರುಗಿಸಲು.

ತಗಡಿನ ನಡುವೆ ತೂತು ತೆಗೆಯಬೇಕಾದರೆ ಕತ್ತರಿ ಒಳಗೆ ಹೋಗುವುದಿಲ್ಲ. ಗಟ್ಟಿ ಮರದ ದಿಮ್ಮಿಯ ಮೇಲೆ ತಗಡನ್ನಿಟ್ಟು ಚಾಣ, ಸುತ್ತಿಗೆಯಿಂದ ದಾರಿ ಮಾಡಿ, ಆಮೇಲೆ ಕತ್ತರಿ ಹಾಕಬೇಕು. ಕಬ್ಬಿಣ ಕೊಯ್ಯುವ ಗರಗಸವನ್ನೇ ಬಳಸುವುದಾದರೆ ಅಂಗುಲಕ್ಕೆ 32 ಹಲ್ಲಿನ ಅಲಗು ಹಾಕಿರಿ, ತಗಡನ್ನು ಎರಡು ಹಲಗೆಗಳ ನಡುವೆ ಬಿಗಿದು ಹಲಗೆಯೊಡನೆ ಕೊಯ್ಯಿರಿ. ಹಾಗೆ ಮಾಡದಿದ್ದರೆ ಹಲ್ಲು ತಗಡಿಗೆ ಸಿಕ್ಕಿ ಮುರಿಯುತ್ತದೆ.

ಸಭೆಗೆ ಬರುವಾಗ ಒಬ್ಬ ತರುಣರು ಕೇಳಿದರು: “ಕರೆಂಟಿನ ಗ್ರೈಂಡರ್ ಇರುವಾಗ ಕೈಕತ್ತರಿ ಯಾಕ್ರಿ? ಎರಡು ನಿಮಿಷದಾಗ ಮುಗೀತದ.” ಮಾತು ನಿಜ, ಬೇಗ ಮುಗಿಯುತ್ತದೆ. ಆದರೆ ನಾಲ್ಕು ಅಂಗುಲದ ಆ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ತೆಳು ತಗಡು ಅದಕ್ಕೆ ಸಿಕ್ಕಿ ಅದುರುತ್ತದೆ; ಚಕ್ರ ಒಡೆದರೆ ಚೂರು ಮುಖಕ್ಕೇ ಬರುತ್ತದೆ. ಕಿಡಿಗಳು ಮಾರುಗಟ್ಟಲೆ ದೂರ ಹಾರುತ್ತವೆ. ನಮ್ಮ ಹಿತ್ತಲುಗಳಲ್ಲಿ ಏನಿದೆ ನೋಡಿರಿ: ಮೇವಿನ ಬಣವಿ, ಹತ್ತಿಯ ಕಟ್ಟಿಗೆ, ಒಣಗಿದ ಗೋವಿನಜೋಳದ ದಂಟು. ಒಂದು ಕಿಡಿಗೆ ವರ್ಷದ ಮೇವು ಹೋದೀತು. ಇನ್ನೊಂದು ನಷ್ಟವೂ ಉಂಟು. ತಗಡಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟಿರುತ್ತಾರೆ. ಚಕ್ರದ ಕಾವಿಗೆ ಅಂಚಿನ ಸತುವು ಸುಟ್ಟುಹೋಗುತ್ತದೆ, ಬಿಸಿ ಕಿಡಿ ಬಿದ್ದ ಕಡೆಯಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತದೆ. ಕತ್ತರಿಯಿಂದ ಕತ್ತರಿಸಿದ ಅಂಚಿಗೆ ಈ ದೋಷವಿಲ್ಲ. ಗ್ರೈಂಡರ್ ದಪ್ಪ ಕಬ್ಬಿಣಕ್ಕಿರಲಿ, ತೆಳು ತಗಡಿಗೆ ಬೇಡ.

ಒಂದು ಎಚ್ಚರಿಕೆಯನ್ನು ಮರೆಯಬೇಡಿರಿ. ಪೆಟ್ರೋಲು, ಡೀಸೆಲು ತುಂಬಿದ್ದ ಪೀಪಾಯಿ ಖಾಲಿಯಾಗಿ ಕಂಡರೂ ಒಳಗೆ ಅದರ ಆವಿ ಇರುತ್ತದೆ. ಕಿಡಿ ಸೋಕಿದರೆ ಸಿಡಿಯುತ್ತದೆ. ಅದನ್ನು ಮನೆಯಲ್ಲಿ ಕತ್ತರಿಸಲೇಬಾರದು. ಕೀಟನಾಶಕದ ಡಬ್ಬಿಯ ತಗಡನ್ನಂತೂ ಕಾಳಿನ ಬಳಿಗೆ ತರಬೇಡಿರಿ, ಎಷ್ಟು ತೊಳೆದರೂ ಬೇಡ.

ಇನ್ನು ಕತ್ತರಿಸುವ ಕ್ರಮ. ಕೈಗೆ ದಪ್ಪ ಚೀಲ, ಕಾಲಿಗೆ ಜೋಡು, ಕಣ್ಣಿಗೆ ಕನ್ನಡಕ ಇರಲಿ. ಮೊಳೆಯಿಂದ ಗೆರೆ ಕೊರೆಯಿರಿ. ತಗಡನ್ನು ಕತ್ತರಿಯ ಬಾಯಿಯ ಬುಡದವರೆಗೆ ಸೇರಿಸಿರಿ, ಬಲ ಅಲ್ಲಿಯೇ ಹೆಚ್ಚು. ತುದಿಯನ್ನು ಪೂರ್ತಿ ಮುಚ್ಚದೆ, ಸ್ವಲ್ಪ ಉಳಿದಿರುವಾಗಲೇ ಮುಂದೆ ತಳ್ಳಿರಿ. ಆಗ ಅಂಚು ಹರಿದ ಹಾಗೆ ಆಗುವುದಿಲ್ಲ. ಕತ್ತರಿಸಿದ ಅಂಚನ್ನು ಕಾನಸದಿಂದ ತಿಕ್ಕಿ, ಇಲ್ಲವೆ ಅರ್ಧ ಅಂಗುಲ ಮಡಚಿ ಬಡಿಯಿರಿ. ಚೂರುಗಳನ್ನು ಆಗಲೇ ಆರಿಸಿಬಿಡಿರಿ. ಮಕ್ಕಳ ಕಾಲಿಗೆ, ದನದ ಮೇವಿಗೆ ಅವು ಸೇರಬಾರದು. ಗಾಯವಾದರೆ ತೊಳೆದು, ಅರಿಷಿಣ ಮೆತ್ತಿ ಸುಮ್ಮನಿರದೆ, ಧನುರ್ವಾಯುವಿನ ಚುಚ್ಚುಮದ್ದಿಗಾಗಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಕತ್ತರಿಯಿಂದ ತಂತಿ, ಮೊಳೆ ಕತ್ತರಿಸಬೇಡಿರಿ, ಅಲಗು ಹಲ್ಲುಬೀಳುತ್ತದೆ. ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಿರಿ. ಒಬ್ಬರಿಗೆ ಭಾರವೆನಿಸಿದರೆ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳಿರಿ.

ಮೊದಲ ಕೆಲಸವಾಗಿ ಕಾಳಿನ ಕೋಣೆಯ ಬಾಗಿಲನ್ನು ಹಿಡಿಯಿರಿ. ಬಾಗಿಲ ಬುಡಕ್ಕೆ ಒಂದಡಿ ಎತ್ತರದ ತಗಡಿನ ಪಟ್ಟಿಯನ್ನು ಹೊರಗಡೆಯಿಂದ ಬಡಿಯಿರಿ. ಕೆಳಗಿನ ಸಂದು 6 ಮಿಲಿಮೀಟರಿಗಿಂತ ಕಡಿಮೆ ಇರಲಿ. ಅದಕ್ಕಿಂತ ಹೆಚ್ಚಾದರೆ ಸಣ್ಣ ಇಲಿ ನುಸುಳುತ್ತದೆ. ಒಂದು ಮುಂಜಾನೆಯ ಕೆಲಸ. ಮುಂದಿನ ಸುಗ್ಗಿಯ ಕಾಳು ಒಳಗೆ ಬರುವ ಮೊದಲೇ ಅದು ಮುಗಿದಿರಲಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.