ಸುಟ್ಟ ಹಲಗೆ



ಸಾಫ್ಟ್‌ವೇರಿನವನು, ಕಂಪ್ಯೂಟರ್ ಬಗ್ಗೆ ಎರಡು ಮಾತಾಡಲಿ ಎಂದು ನನ್ನನ್ನು ಕರೆದಿದ್ದೀರಿ. ಕ್ಷಮಿಸಿ, ನಾನು ಒಬ್ಬ ಕಲಾವಿದರ ಬಗ್ಗೆ ಹೇಳುತ್ತೇನೆ. ಅದರಲ್ಲಿ ಈ ಶಾಲೆಗೆ ನಾನು ತೀರಿಸಬೇಕಾದ ಒಂದು ಹಳೆಯ ಬಾಕಿಯೂ ಇದೆ.

ಜೇರಾಂ ಪಟೇಲ್ ಗುಜರಾತಿನ ಸೋಜಿತ್ರದಲ್ಲಿ 1930ರಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ, ಆಮೇಲೆ ಲಂಡನ್ನಿನಲ್ಲಿ ಕಲಿತು, ಬರೋಡಾದಲ್ಲಿ ಮೇಷ್ಟರಾಗಿದ್ದರು. 1963ರಲ್ಲಿ ದೆಹಲಿಯಲ್ಲಿ ‘ಗ್ರೂಪ್ 1890’ ಎಂಬ 12 ಕಲಾವಿದರ ಪ್ರದರ್ಶನವನ್ನು ನೆಹರೂ ಉದ್ಘಾಟಿಸಿದರು. ಆ ಹನ್ನೆರಡರಲ್ಲಿ ಇವರೂ ಒಬ್ಬರು. ಇವರು ಕುಂಚದ ಬದಲು ಬ್ಲೋ ಟಾರ್ಚ್ ಹಿಡಿದರು. ಪ್ಲೈವುಡ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಅದರ ಮೇಲೆ ಉರಿ ಬಿಡುವುದು. ಮರ ಕರಕಲಾಗುತ್ತದೆ, ಹೊಂಡ ಬೀಳುತ್ತದೆ, ಅಂಚು ಕಂದಾಗುತ್ತದೆ. ಗೋಡೆಗೆ ನೇತುಹಾಕಿದ್ದಾರೆ, ಹಾಗಾಗಿ ಚಿತ್ರ ಅನ್ನಬೇಕು. ಹತ್ತಿರ ಹೋದರೆ ತಗ್ಗು ದಿಣ್ಣೆ, ಶಿಲ್ಪ ಅನ್ನಬೇಕು. ದೇವರಿಲ್ಲ, ಮನುಷ್ಯನಿಲ್ಲ, ಗಿಡವಿಲ್ಲ. 2016ರಲ್ಲಿ ತೀರಿಕೊಂಡರು.

ಕಂಪನಿ ಕೆಲಸಕ್ಕೆ ದೆಹಲಿಗೆ ಹೋದಾಗ ಅವರದೊಂದು ಹಲಗೆಯ ಮುಂದೆ ನಿಂತೆ. ಕಲೆ ನನಗೇನು ಗೊತ್ತು? ನೆನಪಾದದ್ದು ಒಂಬತ್ತನೇ ‘ಬಿ’ ಸೆಕ್ಷನ್ನಿನ ಕಿಟಕಿ ಪಕ್ಕದ ಬೆಂಚು. ವಿಜ್ಞಾನದ ಕೋಣೆಯ ಭೂತಗನ್ನಡಿ ಕದ್ದು, ಬಿಸಿಲಿಗೆ ಹಿಡಿದು, ದಿನಾ ಸ್ವಲ್ಪ ಸ್ವಲ್ಪವಾಗಿ ಆ ಬೆಂಚನ್ನು ಅಂಗೈಯಗಲ ಸುಟ್ಟವನು ನಾನು. ಏಟು ತಿಂದವನು ಪಕ್ಕದಲ್ಲಿ ಕೂರುತ್ತಿದ್ದ ಬಡಗಿಯ ಮಗ. ಮರದ ವಿಷಯ ಅಂದಮೇಲೆ ಅವನದೇ ಕೆಲಸ ಎಂದು ಎಲ್ಲರೂ ತೀರ್ಮಾನಿಸಿದರು. ಅವನು ಅಲ್ಲ ಅನ್ನಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಊರಿಗೆ ಬಂದಾಗ ಆ ಹಲಗೆಯ ಫೋಟೋ ಅವನಿಗೆ ತೋರಿಸಿದೆ. ಈಗ ಅವನು ನಮ್ಮೂರಿನ ಬಾಗಿಲು ಕಿಟಕಿಗಳನ್ನೆಲ್ಲ ಮಾಡುವವನು. ನಗುತ್ತಾನೆ ಅಂದುಕೊಂಡಿದ್ದೆ. ಮೊಬೈಲನ್ನು ಕೈಗೆ ತೆಗೆದುಕೊಂಡು, ದೊಡ್ಡದು ಮಾಡಿ ಮಾಡಿ ನೋಡಿದ.

“ಪ್ಲೈನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಕೆಳಗಿಂದು ಅಡ್ಡಕ್ಕಿರುತ್ತೆ ಕಣೋ. ಇಲ್ಲಿ ನೋಡು, ಮೇಲಿಂದು ಸುಟ್ಟು ಅಡ್ಡ ಎಳೆ ಕಾಣ್ತಿದೆ. ಅಲ್ಲಿಗೇ ಬೆಂಕಿ ತೆಗೆದಿದ್ದಾನೆ ಪುಣ್ಯಾತ್ಮ. ಒಂದು ಚೂರು ತಡ ಮಾಡಿದ್ದರೂ ಅದೂ ಹೋಗ್ತಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋ ಕೈ ಇದು.”

ಮೊಬೈಲ್ ವಾಪಸ್ ಕೊಡುತ್ತಾ ಹೇಳಿದ: “ನೀನು ಬೆಂಚು ಸುಟ್ಟಂಗಲ್ಲ.”

ಅವನಿಗೆ ಅಂದೇ ಗೊತ್ತಿತ್ತು. ಇವತ್ತು ಅವನು ಕೊನೆಯ ಸಾಲಿನಲ್ಲಿ, ಶಾಮಿಯಾನದ ಕಂಬಕ್ಕೆ ಒರಗಿ ಕೂತಿದ್ದಾನೆ. ಮುಂದಿನ ಸಾಲಿನಲ್ಲಿ ಗುರುಗಳಿದ್ದೀರಿ. ಇಬ್ಬರಿಗೂ ಕೇಳುವಂತೆ ಮೈಕಿನಲ್ಲೇ ಹೇಳುತ್ತೇನೆ: ಆ ಬೆಂಚು ಸುಟ್ಟವನು ನಾನು, ಸಾರ್.