ಹೆಸರು ಮತ್ತು ಹಲಗೆ

ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗೆ ಪಾಠ ಹೇಳುವವನು ನಾನು. ನಿಮ್ಮ ಶಾಲೆಗೆ ಗಗನಯಾತ್ರಿ ಕಲ್ಪನಾ ಚಾವ್ಲಾರ ಹೆಸರಿಡಬಾರದೇಕೆಂದು ನೀವು ಕೇಳಬಹುದು. ಇಡೋಣ, ಸರಕಾರದ ಆಜ್ಞೆಯೊಂದು ಸಾಕು. ಆದರೆ ಹೆಸರಿಗೆ ತಕ್ಕ ಕೆಲಸವೂ ಬೇಡವೆ?

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೊಡನೆ ಆಕೆ ಮಡಿದರು. ನಾಲ್ಕೇ ದಿನಗಳಲ್ಲಿ ನಮ್ಮ ಮೆಟ್‌ಸ್ಯಾಟ್ ಉಪಗ್ರಹಕ್ಕೆ 'ಕಲ್ಪನಾ-1' ಎಂಬ ಹೆಸರಾಯಿತು. ಹಾಸನದ ನಿಯಂತ್ರಣ ಕೇಂದ್ರದ ಆರೈಕೆಯಲ್ಲಿ ಅದು ವರ್ಷಗಟ್ಟಲೆ ಮೋಡಗಳ ಚಿತ್ರ ಕಳುಹಿತು. ರಾಗಿ ಬಿತ್ತುವವರಿಗೆ ಇದಕ್ಕಿಂತ ಹತ್ತಿರದ ಸ್ಮಾರಕ ಯಾವುದು?

'ಕಲ್ಪನಾ' ಎಂಬುದು ಕ್ಲೃಪ್ ಧಾತುವಿನಿಂದ ಬಂದುದು. ಬರಿಯ ಕನಸಲ್ಲ, ರಚನೆಯೂ ಹೌದು. (ಪಂಡಿತನ ಚಾಳಿ, ಮನ್ನಿಸಿ.) ಹತ್ತನೆಯ ತರಗತಿ ಮುಗಿದೊಡನೆ ಹೆಣ್ಣುಮಕ್ಕಳ ಓದು ನಿಲ್ಲಿಸುವ ಮನೆಗಳಿಗೆ ಮೊದಲು ಹೋಗಿ ಬರೋಣ. ಹಲಗೆ ಬರೆಯುವವನನ್ನು ಆಮೇಲೆ ಕರೆಸಬಹುದು.