ನೋವು ಯಾವ ಕೀಲಿನದು?

ಸ್ವಲ್ಪ ಮುಂದಕ್ಕೆ ಬಾಗಿ, ಬೆನ್ನಿನ ನಡುವೆ ಕೈಯಾಡಿಸಿ ನೋಡಿ. ಸಾಲಾಗಿ ಗಂಟುಗಳು ಸಿಕ್ಕವಲ್ಲ? ಅವು ಬೆನ್ನುಮೂಳೆಯ ಮಣಿಗಳ ಹಿಂತುದಿಗಳು. ಸೊಂಟದ ಭಾಗದಲ್ಲಿ ಇಂಥ 5 ಮಣಿಗಳಿವೆ. ಒಂದು ಮಣಿಗೂ ಅದರ ಕೆಳಗಿನದಕ್ಕೂ ನಡುವೆ ಮುಂಭಾಗದಲ್ಲಿ ಡಿಸ್ಕ್ ಇರುತ್ತದೆ. ಹಿಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಕೀಲು. ಇವಕ್ಕೆ ಫ್ಯಾಸೆಟ್ ಕೀಲು ಎಂದು ಹೆಸರು. ನೀವು ಬಾಗಿ ಎದ್ದಾಗಲೆಲ್ಲ ಇವು ನುಣ್ಣಗೆ ಜಾರುತ್ತವೆ. ಇನ್ನೂ ಕೆಳಗೆ, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವಲ್ಲಿ ಎರಡು ದೊಡ್ಡ ಕೀಲುಗಳಿವೆ: ಸ್ಯಾಕ್ರೋಇಲಿಯಾಕ್. ಹೆಸರು ಉದ್ದ, ಅಲುಗಾಟ ಮಾತ್ರ ಚೂರೇ ಚೂರು.

ಅಜ್ಜಿಗೆ ಸೊಂಟನೋವು ಬಂದಾಗ ಎಲ್ಲಿ ಎಂದು ಕೇಳಿ. ಬೆರಳಿಟ್ಟು ತೋರಿಸುವುದಿಲ್ಲ, ಅಂಗೈಯಿಂದ ಉಜ್ಜಿ "ಇಲ್ಲೇ ಎಲ್ಲೋ ಕಣೋ" ಎನ್ನುತ್ತಾರೆ. ಅದು ಅಜ್ಜಿಯ ತಪ್ಪಲ್ಲ. ಆಳದಲ್ಲಿ ಹುಟ್ಟುವ ನೋವಿನ ಜಾಗ ಮಿದುಳಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ಸ್ಕ್ಯಾನ್ ಮಾಡಿಸಿದರೆ ಸವೆದ ಕೀಲು ಕಾಣಬಹುದು, ನಿಜ. ಆದರೆ ನೋವೇ ಇಲ್ಲದೆ ಆರಾಮವಾಗಿ ಓಡಾಡುವ ಎಷ್ಟೋ ಜನರ ಕೀಲುಗಳೂ ಸವೆದಿರುತ್ತವೆ!

ಹಾಗಾದರೆ ಪತ್ತೆ ಹೇಗೆ? ಮನೆಯಲ್ಲಿ ಎಲ್ಲಿಂದಲೋ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಒಂದೊಂದೇ ಸ್ವಿಚ್ ಆರಿಸಿ ನೋಡುತ್ತೇವಲ್ಲ, ವೈದ್ಯರೂ ಅದನ್ನೇ ಮಾಡುತ್ತಾರೆ. ಅನುಮಾನ ಬಂದ ಕೀಲನ್ನು ಮಾತ್ರ ಮರಗಟ್ಟಿಸುತ್ತಾರೆ.

ಅದಕ್ಕೆ ಬಳಸುವ ಮದ್ದುಗಳಲ್ಲಿ ಲಿಡೋಕೇನ್ ಒಂದು. ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಅದೇ. ನೋವಿನ ಸುದ್ದಿ ನರದಲ್ಲಿ ಸಾಗಬೇಕಾದರೆ ಸೋಡಿಯಂ ಕಣಗಳು ನರದೊಳಕ್ಕೆ ನುಗ್ಗಬೇಕು. ಲಿಡೋಕೇನ್ ಆ ದಾರಿಯನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಇದನ್ನು ತಯಾರಿಸಿದರು. ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. (ನೀವು ಇಂಥ ಸಾಹಸಕ್ಕೆ ಹೋಗಬೇಡಿ.)

ಕಷ್ಟವಿರುವುದು ಗುರಿಯಲ್ಲಿ. ಫ್ಯಾಸೆಟ್ ಕೀಲಿನೊಳಗೆ ಹಿಡಿಸುವುದು ಒಂದೆರಡು ಮಿಲಿಲೀಟರ್ ಮದ್ದು ಅಷ್ಟೇ. ಅದೂ ದಪ್ಪ ಸ್ನಾಯುಗಳ ಅಡಿಯಲ್ಲಿ, ಕೈಗೆ ಸಿಗದಷ್ಟು ಆಳದಲ್ಲಿದೆ. ಅದಕ್ಕೇ ಎಕ್ಸ್‌ರೇ ಬೇಕು. ಅಜ್ಜಿ ಬೋರಲು ಮಲಗುತ್ತಾರೆ. ಸಿ-ಆರ್ಮ್ ಎಂಬ ಬಾಗಿದ ಯಂತ್ರದ ಒಂದು ತುದಿ ಮಂಚದ ಕೆಳಗೆ, ಇನ್ನೊಂದು ಮೇಲೆ. ವೈದ್ಯರು ಸೀಸದ ಏಪ್ರನ್ ತೊಟ್ಟು, ಪರದೆ ನೋಡುತ್ತಾ ತೆಳ್ಳನೆಯ ಸೂಜಿಯನ್ನು ಇಷ್ಟಿಷ್ಟೇ ಮುಂದೆ ಸರಿಸುತ್ತಾರೆ. ನನಗೆ ಬಹಳ ಇಷ್ಟವಾಗುವುದು ಮುಂದಿನ ಹೆಜ್ಜೆ. ಸೂಜಿಯಿಂದ ಅಯೋಡಿನ್ ಬೆರೆತ ದ್ರವದ ಕೆಲವು ಹನಿ ಬಿಡುತ್ತಾರೆ. ಅಯೋಡಿನ್ ಎಕ್ಸ್‌ರೇಯನ್ನು ತಡೆಯುವುದರಿಂದ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಸೂಜಿ ಕೀಲಿನೊಳಗಿದ್ದರೆ ಕಪ್ಪು ಅಲ್ಲೇ ಸಣ್ಣ ಕಮಾನಿನಂತೆ ನಿಲ್ಲುತ್ತದೆ. ಅಪ್ಪಿತಪ್ಪಿ ರಕ್ತನಾಳ ಹೊಕ್ಕಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಚ್ಚಿಹೋಗುತ್ತದೆ! ಜಾಗ ಖಚಿತವಾದ ಮೇಲೆಯೇ ಮದ್ದು.

ಈಗ ಅಜ್ಜಿಯ ಸರದಿ. ಮೊದಲು ಹೇಗೆ ಬಾಗಿದರೆ ನೋಯುತ್ತಿತ್ತೋ ಹಾಗೆಯೇ ಬಾಗಿ, ಹತ್ತಕ್ಕೆ ಎಷ್ಟು ನೋವು ಎಂದು ಗಂಟೆಗಂಟೆಗೂ ಬರೆದಿಡಬೇಕು. ಎಂಟಿದ್ದದ್ದು ಎರಡಕ್ಕೆ ಇಳಿಯಿತೇ? ಅನುಮಾನ ಗಟ್ಟಿಯಾಯಿತು. ಇಳಿಯಲೇ ಇಲ್ಲವೇ? ಆ ಕೀಲು ಬಹುಶಃ ನಿರಪರಾಧಿ, ಬೇರೆಡೆ ಹುಡುಕಬೇಕು. ಸೂಜಿ ಚುಚ್ಚಿದರು ಎಂಬ ನಂಬಿಕೆಯಿಂದಲೇ ನೋವು ತಗ್ಗುವುದೂ ಉಂಟು. ಹಾಗಾಗಿ ಕೆಲವೊಮ್ಮೆ ಇನ್ನೊಂದು ದಿನ ಮತ್ತೆ ಪರೀಕ್ಷಿಸುತ್ತಾರೆ.

ಮರಗಟ್ಟಿಸುವ ಮದ್ದಿನ ಪ್ರಭಾವ ಕೆಲವೇ ಗಂಟೆ. ಅದರ ಜೊತೆ ಸ್ಟೀರಾಯ್ಡ್ ಬೆರೆಸಿದ್ದರೆ ಕೆಲವು ದಿನಗಳಲ್ಲಿ ಕೀಲಿನ ಉರಿಯೂತ ತಗ್ಗಬಹುದು. ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಆರಾಮ. ಕೆಲವರಿಗೆ ಏನೂ ಇಲ್ಲ. ಸವೆದ ಕೀಲು ಮಾತ್ರ ಇದರಿಂದ ಹೊಸದಾಗುವುದಿಲ್ಲ. ಸೊಂಟ ಹಿಡಿದವರಿಗೆಲ್ಲ ಈ ಸೂಜಿ ಬೇಕಾಗಿಯೂ ಇಲ್ಲ, ಹೆಚ್ಚಿನವರ ನೋವು ಓಡಾಡಿಕೊಂಡಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅಂದಹಾಗೆ, ಅಜ್ಜಿಗೆ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಟೀರಾಯ್ಡ್ ಕೊಟ್ಟ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು.